ಜೋಸಿಗೊಂದು ಹಗುರ ಟ್ರೇಲರ್

ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಮನೆ ನೋಡಲು ಹೋದಲ್ಲೆಲ್ಲ ಕೊರೀನ್ ವೈಮರ್ ಮೊದಲು ಮಾಡುತ್ತಿದ್ದ ಕೆಲಸ ಮೂಸುವುದು. ಹಾಸಿಗೆ ಎತ್ತಿ ಮೂಸುತ್ತಿದ್ದಳು, ಸಿಂಕಿನ ಕೆಳಗಿನ ಕಪಾಟಿಗೆ ತಲೆ ತೂರಿಸಿ ಮೂಸುತ್ತಿದ್ದಳು, ಕಿಟಕಿಯ ಮೂಲೆಗೆ ಮೂಗು ಹಚ್ಚಿ ನಿಲ್ಲುತ್ತಿದ್ದಳು. ಮಾರುವವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ನೋಡಿಕೊಳ್ಳಲಿ ಬಿಡಿ, ಅವರ ಮನೆಯ ಮಗುವಿಗೆ ಇಂಥ ಕಾಯಿಲೆ ಬಂದಿದ್ದರೆ ಅವರೂ ಮೂಸುತ್ತಿದ್ದರು.

ಅವಳ ಒಂಬತ್ತು ವರ್ಷದ ಮಗಳು ಜೋಸಿಗೆ ರಕ್ತದ ಕ್ಯಾನ್ಸರ್. ಒಮಾಹಾದ ಆಸ್ಪತ್ರೆಯಲ್ಲಿ ಯಾರೋ ಪುಣ್ಯಾತ್ಮರು ಕೊಟ್ಟ ಮೂಳೆಯ ಮಜ್ಜೆಯನ್ನು ಅವಳಿಗೆ ಹಾಕುವುದೆಂದು ಗೊತ್ತಾಗಿತ್ತು. ಹಾಕಿದ ಮೇಲೆ ವಾರ್ಡಿನಿಂದ ಬಿಟ್ಟರೂ ಮೂರು ತಿಂಗಳು ಆಸ್ಪತ್ರೆಯ ಹತ್ತಿರವೇ ಇರಬೇಕು. ಆ ದಿನಗಳಲ್ಲಿ ಬೂಷ್ಟು ಹಿಡಿದ ಗಾಳಿ ಉಸಿರಾಡಿದರೂ ಸಾಕು, ಮಗು ಉಳಿಯಲಿಕ್ಕಿಲ್ಲ ಎಂದು ನರ್ಸ್ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ವೈಮರ್ ಮನೆ ಇರುವುದು ನೆಬ್ರಾಸ್ಕಾದ ಪಶ್ಚಿಮದ ಕೊನೆಯಲ್ಲಿ, ಒಮಾಹಾ ಪೂರ್ವದ ಕೊನೆಯಲ್ಲಿ. ನಡುವೆ ಒಂದು ಇಡೀ ಹಗಲಿನ ದಾರಿ. ರೋಗಿಗಳ ಮನೆಯವರಿಗೆಂದು ಇದ್ದ ವಸತಿಯಲ್ಲಿ ಜಾಗವಿರಲಿಲ್ಲ. ಹೋಟೆಲಿನಲ್ಲಿ ಮೂರು ತಿಂಗಳು ಇರುವ ಮಾತು ಯಾರೂ ಎತ್ತಲಿಲ್ಲ. ಆದರೆ ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಟ್ರೇಲರ್ ನಿಲ್ಲಿಸಿಕೊಂಡರೆ ನೀರು, ಕರೆಂಟು ಕೊಡುತ್ತೇವೆ ಎಂದಿದ್ದರು. ಹಾಗಾಗಿ ಟ್ರೇಲರ್ ಹುಡುಕಾಟ.

ಆ ಭಾನುವಾರ ಅತ್ತೆ ಲವಾನ್ ಮಾಂಸ, ಕಾಳು ಹಾಕಿದ ಖಾರದ ಚಿಲ್ಲಿ ಸಾರು ಕುದಿಸಿ, ಜೊತೆಗೆ ದಾಲ್ಚಿನ್ನಿ ಸುರುಳಿ ರೊಟ್ಟಿ ಸುಟ್ಟಿದ್ದಳು. ನಮ್ಮ ಕಡೆ ಒಂದಿಲ್ಲದೆ ಇನ್ನೊಂದನ್ನು ಬಡಿಸಿದರೆ ಊಟವೇ ಅಲ್ಲ. ಮಾವ ರೂಬೆನ್ ರೊಟ್ಟಿಯನ್ನು ಚಿಲ್ಲಿಯಲ್ಲಿ ಅದ್ದಿ ತೀರ್ಪು ಕೊಟ್ಟ.

"ಹುಡುಕೋದೇನಿದೆ? ನನ್ನ ಪಿಕಪ್ ಒಂದು ಮನೆಯನ್ನೇ ಎಳೀತದೆ. ಉದ್ದನೇದು ತಗೊಳ್ಳೋಣ. ಸೋಫಾ, ಓವನ್ ಎಲ್ಲಾ ಇರೋದು."

"ನನಗೆ ಸಣ್ಣದು ಬೇಕು ರೂಬೆನ್," ಎಂದಳು ಕೊರೀನ್. "ನನ್ನ ಕಾರು ಎಳೆಯೋವಂಥದ್ದು."

"ನಿನ್ನ ಕಾರು ಕೈಗಾಡಿ ಎಳೆದ್ರೆ ಹೆಚ್ಚು."

"ಹಿಮ ಬಿದ್ದಾಗ ಗಾಡಿ ಸರಿಸಿ ಅಂತಾರೆ. ಆಗ ನಿಮ್ಮ ಪಿಕಪ್ ಇಲ್ಲಿರುತ್ತೆ, ನಾನು ಅಲ್ಲಿರ್ತೀನಿ. ನನ್ನ ಕೈಲಿ ಆಗೋದು ಬೇಕು."

"ನಾನೂ ಅಲ್ಲೇ ಇರ್ತೀನಿ. ಡ್ವೈಟ್, ಹೇಳೋ ನಿನ್ನ ಹೆಂಡ್ತಿಗೆ."

ಡ್ವೈಟ್ ರೂಬೆನ್ನನ ಮಗ, ಜೋಸಿಯ ಅಪ್ಪ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಸಕ್ಕರೆಯ ಬೀಟ್ ಗೆಡ್ಡೆ ಅರೆಯುವ ಕಾಲ ಶುರುವಾಗಿತ್ತು, ಕಾರ್ಖಾನೆ ಹಗಲು ರಾತ್ರಿ ಓಡುತ್ತಿತ್ತು. ಜೋಸಿಯ ಔಷಧಿಗೆಲ್ಲ ದುಡ್ಡು ಕಟ್ಟುತ್ತಿದ್ದ ವಿಮೆ ಆ ನೌಕರಿಯದು, ಅವನ ರಜೆಯೋ ಬೇಸಿಗೆಯಲ್ಲೇ ಮುಗಿದುಹೋಗಿತ್ತು. ಅಪ್ಪನ ಕಡೆ ಹೇಳಿದರೆ ಹೆಂಡತಿಗೆ ಸಿಟ್ಟು, ಹೆಂಡತಿಯ ಕಡೆ ಹೇಳಿದರೆ ಅಪ್ಪನಿಗೆ ಸಿಟ್ಟು. ಅವನು ಇನ್ನೊಂದು ಬಟ್ಟಲು ಚಿಲ್ಲಿ ಹಾಕಿಸಿಕೊಂಡ.

ಮುಂದಿನ ಶನಿವಾರ ಎಲ್ಲರೂ ಟ್ರೇಲರ್ ನೋಡಲು ಶಯೆನ್ ಪೇಟೆಗೆ ಹೋದರು. ರೂಬೆನ್ನನ ಪಿಕಪ್ಪಿನಲ್ಲಿ ಹೋಗುವುದೆಂದರೆ ಲವಾನ್ ಬಾಯಿ ಮುಚ್ಚುವುದಿಲ್ಲ ಎಂದೇ ಅರ್ಥ. "ಮುಂದೆ ಟ್ರ್ಯಾಕ್ಟರ್, ರೂಬ್. ಕೆಂಪು ದೀಪ, ರೂಬ್. ಎಡಗಡೆ ಒಬ್ಬ ಸೈಕಲ್ಲಿನವನು." ಹಿಂದಿನ ಸೀಟಿನಲ್ಲಿ ಡ್ವೈಟ್ ನಗುತ್ತಿದ್ದ. ಅಮ್ಮನಿಗೆ ಸ್ಟಿಯರಿಂಗ್ ಕೊಟ್ಟರೆ ಓಡಿಸಲು ಬರುವುದಿಲ್ಲ, ಆದರೆ ಓಡಿಸುವವರನ್ನು ಬಿಡುವುದಿಲ್ಲ ಎಂಬುದು ಆ ಮನೆಯ ಹಳೆಯ ತಮಾಷೆ.

ಮಾರುವವನು ಹರೆಯದವನು, ಹಲ್ಲೆಲ್ಲ ಬಿಳಿ. "ಇದರಲ್ಲಿ ಆರು ಜನ ಮಲಗಬಹುದು," ಎಂದ.

"ಆರು ಏನು? ಬೆಕ್ಕಾ?" ಎಂದ ರೂಬೆನ್.

ಊಟದ ಮೇಜನ್ನು ತಗ್ಗಿಸಿ ದಿಂಬು ಜೋಡಿಸಿದರೆ ಅದೇ ಹಾಸಿಗೆಯಂತೆ. ಅಂದರೆ ಯಾರಾದರೂ ಮಲಗಿದ್ದರೆ ಉಳಿದವರು ಉಣ್ಣುವ ಹಾಗಿಲ್ಲ. ಡ್ವೈಟ್ ಕಕ್ಕಸಿನಲ್ಲಿ ಕೂತು ನೋಡಿದ, ಮೊಣಕಾಲು ಹೊರಗೇ ಉಳಿದು ಬಾಗಿಲು ಹಾಕಲಾಗಲಿಲ್ಲ. ಜೋಸಿ ಬಹಳ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇನ್ನೊಂದರ ಗೋಡೆ ಅರ್ಧದಿಂದ ಮೇಲೆ ಬಟ್ಟೆಯದು, ಬಿಚ್ಚಿದರೆ ಡೇರೆ. ಅದರಲ್ಲಿ ಧೂಳು ಹೇಗೆ ತಡೆಯುವುದು? ಮೂರನೆಯದು ಕೊರೀನಳಿಗೆ ಹಿಡಿಸಿತು, ಮಾರುವವನು ತೂಕವನ್ನೂ ಕಡಿಮೆ ಹೇಳಿದ.

"ಅದು ಖಾಲಿ ತೂಕ," ಎಂದ ರೂಬೆನ್. ನಲವತ್ತು ವರ್ಷ ಬೀಟ್ ಲಾರಿ ಓಡಿಸಿದವನು. "ಇವರು ನೀರು ಕುಡಿಯಲ್ವಾ? ಬಟ್ಟೆ ಹಾಕಲ್ವಾ? ಗ್ಯಾಸ್, ಬ್ಯಾಟರಿ, ಪಾತ್ರೆ ಪಡಗ ಎಲ್ಲಾ ಸೇರಿಸಿ ಹೇಳಪ್ಪ."

ಸೇರಿಸಿದರೆ ಕೊರೀನಳ ಕಾರಿನ ಮಿತಿ ದಾಟಿತು. ವಾಪಸು ಬರುವಾಗ ರೂಬೆನ್ ಸಿಳ್ಳೆ ಹಾಕುತ್ತಿದ್ದ. ಕೊರೀನಳಿಗೆ ಅವನ ಕತ್ತು ಹಿಸುಕಬೇಕೆನಿಸಿತು.

ಹೀಗೆ ನಾಲ್ಕಾರು ಊರು ತಿರುಗಿದ್ದಾಯಿತು. ಹಗುರವಾದವು ಹಳೆಯವು, ಹಳೆಯವು ಸೋರಿದವು, ಸೋರಿದವಕ್ಕೆ ಬೂಷ್ಟು. ಹೊಸದು ಒಣಗಿತ್ತು, ಅವರ ಕೈಗೆ ಸಿಗುವಂತಿರಲಿಲ್ಲ. ಒಮಾಹಾದಿಂದ ದಿನ ಗೊತ್ತುಮಾಡಿ ಫೋನ್ ಬಂತು. ಕೊರೀನ್ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮರುದಿನ ಅವಳು ಅಂಗಡಿಯಿಂದ ಬಂದಾಗ ಅಂಗಳದಲ್ಲಿ ರೈಲುಡಬ್ಬಿಯಷ್ಟು ಉದ್ದದ ಟ್ರೇಲರ್ ನಿಂತಿತ್ತು. ಚರ್ಚಿನ ಹಾರ್ಲನ್ ಬಳಿ ಇದ್ದದ್ದು. ರೂಬೆನ್ ಯಾರನ್ನೂ ಕೇಳದೆ, ತನ್ನಲ್ಲಿದ್ದದ್ದನ್ನೆಲ್ಲ ಕೊಟ್ಟು ತಂದಿದ್ದ.

"ನಾನು ಬೇಡ ಅಂದಿದ್ದೆ," ಎಂದಳು ಕೊರೀನ್.

"ನೀನು ಸಿಕ್ಕಿದ್ದಕ್ಕೆಲ್ಲಾ ಬೇಡ ಅಂತೀಯ. ಮಗು ಬೀದೀಲಿ ಮಲಗ್ಬೇಕಾ?"

"ಒಳಗೆ ಕಾರ್ಪೆಟ್ ಇದೆ!"

"ಕಿತ್ತುಹಾಕ್ತೀನಿ. ನನಗೆ ಎರಡು ವಾರ ಕೊಡು. ಆಮೇಲೆ ನಿನ್ನ ಆ ಮೂಗು ತಗೊಂಡು ಬಾ."

ಮುದುಕ ದುಡಿದದ್ದು ಸುಳ್ಳಲ್ಲ. ಕಾರ್ಪೆಟ್ ಕಿತ್ತ, ನೆಲ ತಿಕ್ಕಿದ, ಗೋಡೆಗೆಲ್ಲ ಬ್ಲೀಚ್ ಹಚ್ಚಿ ತೊಳೆದ. ಬೆರಳ ತುದಿ ಸುಲಿದುಹೋಯಿತು. ಲವಾನ್ ಪರದೆ ಹೊಲಿದಳು. ಜೋಸಿ ದಿನವೂ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕಿಟಕಿಯ ಹೊರಗೆ ನಿಂತು, "ಅಜ್ಜಾ, ನನ್ನ ಮಂಚ ಯಾವುದು?" ಎಂದು ಕೇಳುತ್ತಿದ್ದಳು. ಕೊರೀನಳ ಮನಸ್ಸೂ ಸ್ವಲ್ಪ ಕರಗಿತು. ಇಷ್ಟು ಮಾಡುತ್ತಿದ್ದಾನೆ, ಇರಲಿ ಎಂದುಕೊಂಡಳು.

ಎರಡು ವಾರ ಕಳೆದ ಸಂಜೆ ಅವಳು ಮೂಗು ತೆಗೆದುಕೊಂಡು ಒಳಗೆ ಹೋದಳು. ಉಳಿದವರು ಮೇಜಿನ ಮುಂದೆ ಕೂತಿದ್ದರು. ಲವಾನ್ ಎಲೆಕೋಸು, ಮಾಂಸ ತುಂಬಿದ ಬನ್ನುಗಳನ್ನು ಒಲೆಯಿಂದ ಆಗಷ್ಟೇ ತೆಗೆದಿದ್ದಳು. ಕೊರೀನ್ ಒಂದು ತೆಳು ಹಲಗೆ ಹಿಡಿದುಕೊಂಡು ಬಂದು ಮಾವನ ತಟ್ಟೆಯ ಪಕ್ಕ ಇಟ್ಟಳು.

"ಇದೇನು ರೂಬೆನ್?"

ಅವನು ಕೈಗೆ ತೆಗೆದುಕೊಂಡು ತಿರುಗಿಸಿದ. "ಹಲಗೆ."

"ಹಲಗೆ ಅಂತ ನನಗೂ ಗೊತ್ತು. ಇದರ ಮೇಲಿರೋದು?"

"ಏನೂ ಇಲ್ಲ. ಎರಡು ಸಲ ತೊಳೆದಿದ್ದೀನಿ."

"ಕಪ್ಪು ಬೂಷ್ಟು! ಅಂಗೈ ಅಗಲ! ಜೋಸಿ ತಲೆ ಇಡೋ ಜಾಗದ ಕೆಳಗೆ, ಮೂಲೆ ಪೂರ್ತಿ ಹಿಡಿದಿದೆ. ಹಲಗೆ ಕಿತ್ತರೆ ಹಿಂದೆ ಗೋಡೆನೇ ಮೆತ್ತಗಾಗಿದೆ. ನೋಡಿಯೂ ಮುಚ್ಚಿಟ್ಟಿದ್ದೀರಿ! ನಿಮ್ಮ ಮಾತು ನಡೀಬೇಕು ಅಂತ ನನ್ನ ಮಗಳನ್ನ ಇದರಲ್ಲಿ ಮಲಗಿಸ್ತಿದ್ರಿ!"

"ಮುಚ್ಚಿಟ್ಟೆ ಅಂತೀಯಾ? ನಾನು?" ರೂಬೆನ್ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

"ಅವನು ಮುಚ್ಚಿಡಲಿಲ್ಲ," ಎಂದಳು ಲವಾನ್. "ಅವನಿಗೆ ಕಾಣಲಿಲ್ಲ."

"ಲವಾನ್, ಬಾಯಿ ಮುಚ್ಚು."

"ನಾಲ್ಕು ವರ್ಷ ಮುಚ್ಚಿದ್ದಾಯ್ತು ರೂಬ್. ಸುಮ್ನೆ ಕೂತ್ಕೋ." ಅವಳು ಬನ್ನಿನ ತಟ್ಟೆ ಕೆಳಗಿಟ್ಟು ಸೊಸೆಯ ಕಡೆ ತಿರುಗಿದಳು. "ಕಣ್ಣೆದುರು ನಡುವೆ ಏನಿದ್ರೂ ಅವನಿಗೆ ಮಸಿ ಬಳಿದ ಹಾಗೆ ಕಾಣೋದು. ಅಂಚಿನಲ್ಲಿ ಮಾತ್ರ ಸ್ವಲ್ಪ ಬೆಳಕು. ಡಾಕ್ಟ್ರು ಗುಣ ಆಗಲ್ಲ ಅಂದ್ರು. ನಾನು ದಾರೀಲಿ ಬಡಬಡ ಅಂತಿದ್ದದ್ದು ಯಾಕೆ ಅಂದ್ಕೊಂಡ್ರಿ?"

ಡ್ವೈಟ್ ಕೈಲಿದ್ದ ಬನ್ನನ್ನು ತಟ್ಟೆಗೆ ಹಾಕಿದ.

"ಅಮ್ಮಾ, ಪ್ರತಿ ಮಂಗಳವಾರ ಜೋಸಿನ ರಕ್ತ ಪರೀಕ್ಷೆಗೆ ಕರ್ಕೊಂಡು ಹೋಗ್ತಿದ್ದದ್ದು ಅಪ್ಪ."

"ನಾನು ಪಕ್ಕದಲ್ಲೇ ಇದ್ದೆನಲ್ಲೋ."

"ಹೆದ್ದಾರೀಲಿ! ಬೀಟ್ ಲಾರಿಗಳ ಮಧ್ಯೆ! ಒಂದು ವರ್ಷ!"

"ಒಂದು ಸಲಾನೂ ತಾಗಿಸಿಲ್ಲ ನಾನು," ಎಂದ ರೂಬೆನ್. ಆ ಮಾತಿನಲ್ಲಿ ಇನ್ನೂ ಜಂಬ ಇತ್ತು, ಅದನ್ನು ಕೇಳಿ ಕೊರೀನಳಿಗೆ ಮೈಯೆಲ್ಲ ಉರಿಯಿತು.

"ನನಗೆ ಗೊತ್ತಿತ್ತು," ಎಂದಳು ಜೋಸಿ. ಬನ್ನಿನ ಒಳಗಿನ ಎಲೆಕೋಸನ್ನು ಬೇರೆ ತೆಗೆದಿಡುತ್ತ ಕೂತಿದ್ದಳು. "ಅಜ್ಜಿ ಕೆಂಪು ಅಂದಮೇಲೇ ಅಜ್ಜ ನಿಲ್ಲಿಸ್ತಿದ್ದ."

"ಯಾಕೆ ಹೇಳ್ಲಿಲ್ಲ ಚಿನ್ನಾ?"

"ಹೇಳಿದ್ರೆ ಅಜ್ಜ ಬರ್ತಿರ್ಲಿಲ್ವಲ್ಲ. ಸೂಜಿ ಚುಚ್ಚೋವಾಗ ಅಜ್ಜನೇ ಬೇಕು."

ರೂಬೆನ್ ಹೊರಗೆ ಹೋಗಿ ಟ್ರೇಲರಿನ ಮೆಟ್ಟಿಲ ಮೇಲೆ ಕೂತ. ಆ ದಿನದ ಬನ್ನುಗಳನ್ನು ಮರುದಿನ ನಾಯಿಗೆ ಹಾಕಿದರು.

ಹಾರ್ಲನ್ ಕೊಟ್ಟ ಮಾಲು ವಾಪಸು ತೆಗೆದುಕೊಳ್ಳಲಿಲ್ಲ. ಉಳಿದದ್ದು ಹತ್ತೇ ದಿನ. ಡ್ವೈಟ್ ಕಾರ್ಖಾನೆಯಿಂದ ಬಂದವನು ಬಟ್ಟೆ ಬದಲಿಸದೆ ಫೋನ್ ಹಿಡಿದು ಕೂರುತ್ತಿದ್ದ. ಒಮಾಹಾದಲ್ಲಿ ಬಾಡಿಗೆ ಕೋಣೆ ಇದೆಯೇ, ಚರ್ಚಿನವರ ಮನೆ ಇದೆಯೇ, ಯಾರ ಪರಿಚಯದವರ ಪರಿಚಯವಾದರೂ ಇದೆಯೇ. ಇದ್ದವರ ಮನೆಯಲ್ಲಿ ಬೆಕ್ಕಿತ್ತು, ಇಲ್ಲವೇ ಶೀತ ಹಿಡಿದ ಮಕ್ಕಳಿದ್ದರು. ಗಂಡ ಹೆಂಡತಿ ಒಬ್ಬರೊಡನೊಬ್ಬರು ಹಾಲಿನ ಡಬ್ಬಿಗೂ ಜಗಳವಾಡತೊಡಗಿದರು.

ಆಮೇಲೆ ಟಾರಿಂಗ್ಟನ್ನಿನಲ್ಲಿ ಒಬ್ಬ ವಿಧವೆಯ ಶೆಡ್ಡಿನಲ್ಲಿ ಒಂದು ಟ್ರೇಲರ್ ಸಿಕ್ಕಿತು. ಫೈಬರಿನದು, ಮೇಲಿನರ್ಧ ಕೆಳಗಿನರ್ಧ ಸೇರಿಸಿ ಅಂಟಿಸಿದ ಮೊಟ್ಟೆಯ ಹಾಗೆ. ಮಾಡಿನಲ್ಲಿ ಜೋಡಣೆಯೇ ಇಲ್ಲ, ಹಾಗಾಗಿ ಸೋರುವ ಮಾತಿಲ್ಲ. ಕೊರೀನ್ ಮಂಡಿಯೂರಿ ಮೂಲೆ ಮೂಲೆ ಮೂಸಿದಳು. ಸಾಬೂನಿನ ವಾಸನೆ ಬಿಟ್ಟರೆ ಏನೂ ಇಲ್ಲ. ಹಿಂದೆ ಒಂದು ಹಾಸಿಗೆ, ಮುಂದೆ ಅಡ್ಡಲಾಗಿ ಒಂದು ಕಿರಿದಾದ ಬೆಂಚು, ಮಧ್ಯೆ ಒಬ್ಬರು ನಿಲ್ಲುವಷ್ಟು ಜಾಗ, ಬಾಗಿಲು ಹಾಕಿಕೊಳ್ಳಬಹುದಾದ ಪುಟ್ಟ ಕಕ್ಕಸು. ಅವಳ ಕಾರು ಎಳೆಯುವಷ್ಟೇ ಭಾರ. ನೆಲದ ಮೇಲೆ ಕೂತಲ್ಲೇ ಅವಳಿಗೆ ಅಳು ಬಂತು. ಬೇರೊಬ್ಬರು ಶನಿವಾರ ಬರುತ್ತಾರೆ, ಅಷ್ಟರೊಳಗೆ ದುಡ್ಡು ತಂದರೆ ನಿಮಗೇ ಎಂದಳು ಆ ಹೆಂಗಸು.

ದುಡ್ಡಿಗೆ ದಾರಿ ಒಂದೇ ಇತ್ತು, ಎಲ್ಲರಿಗೂ ಗೊತ್ತಿತ್ತು.

"ಪಿಕಪ್ ಮಾರಿ," ಎಂದಳು ಕೊರೀನ್.

"ಮಾರಿ ನಾನೇನ್ ಮಾಡ್ಲಿ? ಮನೇಲಿ ಕೂತು ಗೋಡೆ ನೋಡ್ಲಾ?"

"ಗೋಡೆ ಕಾಣುತ್ತಾ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ತಪ್ಪಾಯಿತು ಎನ್ನಲಿಲ್ಲ. ಅಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ರೂಬೆನ್ ರಾತ್ರಿ ಊಟಕ್ಕೆ ಬರಲಿಲ್ಲ. ಬೆಳಗ್ಗೆ ಕಾಫಿ ಕುಡಿಯುತ್ತ ಫೋನ್ ಮಾಡಿ, ಬಹಳ ದಿನದಿಂದ ಆ ಪಿಕಪ್ ಮೇಲೆ ಕಣ್ಣಿಟ್ಟಿದ್ದ ಹಾರ್ಲನ್‌ನ ಅಳಿಯನನ್ನು ಕರೆದ. ಚೌಕಾಸಿಯನ್ನೂ ಮಾಡಲಿಲ್ಲ. ಪಿಕಪ್ ಅಂಗಳದಿಂದ ಹೋಗುವಾಗ ಅವನು ಪಾತ್ರೆ ಒರೆಸುತ್ತ ನಿಂತಿದ್ದ. ಲವಾನ್ ಮದುವೆಯಾಗಿ ಬಂದಂದಿನಿಂದ ಅವನು ಪಾತ್ರೆ ಒರೆಸಿದ್ದನ್ನು ಕಂಡವಳಲ್ಲ.

ಟ್ರೇಲರ್ ಮನೆಗೆ ಬಂತು. ಈಗ ಇನ್ನೊಂದು ಫಜೀತಿ. ಕೊರೀನಳಿಗೆ ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ಓಡಿಸಲು ಬರುತ್ತಿರಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಎರಡು ಗಾಡಿಗಳ ಮಧ್ಯೆ ಹಿಂದಕ್ಕೇ ಸೇರಿಸಬೇಕು. ಚರ್ಚಿನ ಖಾಲಿ ಅಂಗಳದಲ್ಲಿ ಕಲಿಸಲು ನಿಂತವನು ರೂಬೆನ್ನೇ. ಪಕ್ಕದ ಸೀಟಿನಲ್ಲಿ ಕೂತು ಅವಳ ಕೈ ಹಿಡಿದು ಸ್ಟಿಯರಿಂಗಿನ ತಳಕ್ಕೆ ಇಟ್ಟ.

"ಕೈ ಕೆಳಗಿರ್ಲಿ. ಕೈ ಯಾವ ಕಡೆ ಹೋಗುತ್ತೋ ಗಾಡಿ ಹಿಂಭಾಗ ಆ ಕಡೆ. ಕನ್ನಡಿ ನೋಡು. ನಿಧಾನ. ಏ, ನಿಧಾನ ಅಂದೆ!"

"ನಿಧಾನವಾಗೇ ಹೋಗ್ತಿದ್ದೀನಿ!"

"ಇದು ನಿಧಾನ ಆದ್ರೆ ಕುದುರೆ ಓಟ ಯಾವುದು? ಮುಂದಕ್ಕೆ ತಗೋ. ಮತ್ತೆ."

ಬಯ್ಯುವುದರಲ್ಲಿ ಏನೂ ಕಡಿಮೆ ಮಾಡಲಿಲ್ಲ ಮುದುಕ. ಅವಳು ಅತ್ತರೆ ಅಳು ನಿಲ್ಲುವವರೆಗೆ ಹೊರಗೆ ನೋಡುತ್ತ ಕೂರುತ್ತಿದ್ದ, ಆಮೇಲೆ ಮತ್ತೆ ಎನ್ನುತ್ತಿದ್ದ. ಕೊನೆಯ ದಿನದ ಹೊತ್ತಿಗೂ ಮೂರು ಸಲಕ್ಕೆ ಒಂದು ಸಲ ಸರಿಯಾಗಿ ನಿಲ್ಲಿಸುತ್ತಿದ್ದಳು, ಅದೂ ಅವನು ಪಕ್ಕದಲ್ಲಿ ಕೂತು ಹೇಳಿದರೆ. ಕೊನೆಗೆ ಅವಳೇ ಬಾಯಿ ಬಿಟ್ಟು ಕೇಳಿದಳು:

"ನನ್ನ ಜೊತೆ ಬನ್ನಿ ರೂಬೆನ್. ನಿಲ್ಲಿಸೋವರೆಗೆ. ಆಮೇಲೆ ಬಸ್ಸಿಗೆ ಹತ್ತಿಸ್ತೀನಿ. ಒಬ್ಬಳೇ ಅಂದ್ರೆ ನನಗೆ ಭಯ."

ರೂಬೆನ್ ಆ ಸಂಜೆ ಹೊಸ ಬ್ಲೇಡ್ ಹಾಕಿ ಗಡ್ಡ ಹೆರೆದುಕೊಂಡ. ಲವಾನ್ ಅವನ ಅಂಗಿ ಇಸ್ತ್ರಿ ಮಾಡಿದಳು. ಮನೆಯಲ್ಲಿ ಬಹಳ ದಿನದ ಮೇಲೆ ಯಾರೋ ಹಾಡು ಗುನುಗಿದರು.

ಹೊರಡುವ ದಿನ ಡ್ವೈಟ್ ಬೆಳಗಿನ ಪಾಳಿಗೆ ಹೋಗುವ ಮೊದಲೇ ಮಗಳನ್ನು ತಬ್ಬಿಕೊಂಡು, ಅಂಗಳದಲ್ಲಿ ನಿಲ್ಲಲಾರದೆ ಓಡಿಬಿಟ್ಟ. ಮುಂದಿನ ಸೀಟಿನಲ್ಲಿ ಔಷಧಿಯ ಐಸ್ ಪೆಟ್ಟಿಗೆ. ಹಿಂದೆ ಜೋಸಿ, ಅವಳ ಪಕ್ಕ ವಾಂತಿಯ ಬೋಗುಣಿ ಹಿಡಿದುಕೊಂಡು ರೂಬೆನ್. ಹೆದ್ದಾರಿ ಹತ್ತುವ ಮೊದಲು ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ಹಾಯಿಸು ಎಂದವನು ಅವನೇ. "ಲಾರಿ ಆದ್ರೇನು, ಕಾರಾದ್ರೇನು, ತೂಗದೆ ಹೊರಡಬಾರದು."

ಕಿಟಕಿಯಲ್ಲಿ ಕೂತಿದ್ದ ತೂಕದವನು ಮರ್ಲ್ ಕಾರಿನ ಚಕ್ರಗಳನ್ನು ಕಟ್ಟೆಯ ಮೇಲೆ ನಿಲ್ಲಿಸಲು ಹೇಳಿ ಅಂಕಿ ಓದಿದ. ಕೊರೀನ್ ಕಾರಿನ ಬಾಗಿಲಿನಲ್ಲಿ ಬರೆದಿದ್ದ ಮಿತಿ ಓದಿದಳು. ತೂಕ ಅದಕ್ಕಿಂತ ಜಾಸ್ತಿ ಇತ್ತು.

ಇಳಿಸತೊಡಗಿದರು. ಲವಾನ್ ಕೊಟ್ಟ ಉಪ್ಪಿನಕಾಯಿಯ ಗಾಜಿನ ಡಬ್ಬಿಗಳು, ಆಲೂಗಡ್ಡೆ ಚೀಲ, ಕಬ್ಬಿಣದ ಬಾಣಲೆ, ಜೋಸಿಯ ಶಾಲೆಯ ಪುಸ್ತಕ. ಗೋದಾಮಿನ ಗೋಡೆಗೆ ಎಲ್ಲ ಒರಗಿಸಿಟ್ಟರು. ಎಲ್ಲರೂ ಮತ್ತೆ ಕಾರಿನಲ್ಲಿ ಕೂತ ಮೇಲೆ ಮರ್ಲ್ ಇನ್ನೊಮ್ಮೆ ಓದಿದ.

"ಇನ್ನೂ ಜಾಸ್ತಿ. ಆದ್ರೂ ಪರವಾಗಿಲ್ಲ ರೂಬೆನ್, ಇದಕ್ಕಿಂತ ಹೇರಿಕೊಂಡು ಹೋಗೋರನ್ನ ನೋಡಿದ್ದೀನಿ."

"ಟ್ಯಾಂಕಿನ ನೀರು ಖಾಲಿ ಮಾಡಿದ್ದೀಯಾ?" ಎಂದ ರೂಬೆನ್.

"ಮಾಡಿದ್ದೀನಿ," ಎಂದಳು ಕೊರೀನ್. "ಇನ್ನು ತೆಗೆಯೋಕೆ ಏನೂ ಇಲ್ಲ. ಸ್ವಲ್ಪ ತಾನೆ? ಹೋಗೋಣ ಬನ್ನಿ. ಗಾಳಿ ಏಳೋದ್ರೊಳಗೆ ದಾರಿ ಸಾಗಿಸ್ಬೇಕು."

ರೂಬೆನ್ ಬೋಗುಣಿಯನ್ನು ಜೋಸಿಯ ತೊಡೆಯ ಮೇಲಿಟ್ಟು ಬಾಗಿಲು ತೆರೆದ. ಬಾಗಿಲ ಅಂಚು ತಡವಿಕೊಂಡು ಕೆಳಗಿಳಿದು, ಕಟ್ಟೆಯಿಂದ ಆಚೆಗೆ ನಡೆದು ನಿಂತ.

"ಈಗ ಓದು ಮರ್ಲ್."

ಮರ್ಲ್ ತಡಮಾಡಿ ಓದಿದ. "ಈಗ ಸರಿ ಇದೆ."

"ಬೇಡ," ಎಂದಳು ಕೊರೀನ್. "ಬೇಡ ರೂಬೆನ್, ಹತ್ತಿ. ಸ್ವಲ್ಪವೇ ಜಾಸ್ತಿ ಅಂತ ಅವರೇ ಹೇಳಿದ್ರಲ್ಲ."

"ಸ್ವಲ್ಪ ತಾನೆ ಅಂತ ನಾನೂ ನಾಲ್ಕು ವರ್ಷ ಓಡಿಸ್ದೆ."

"ನಾನೊಬ್ಬಳೇ ಅಲ್ಲಿ ಹಿಂದಕ್ಕೆ ಹಾಕೋದು ಹೇಗೆ?" ಅವಳು ಕಿಟಕಿಯಿಂದ ತಲೆ ಹೊರಹಾಕಿದಳು. "ನನ್ನ ಕೈಲಾಗಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಬನ್ನಿ!"

"ಯಾರನ್ನಾದ್ರೂ ಕೇಳು. ಕಣ್ಣಿರೋರನ್ನ ಕೇಳು. ಇಳಿಜಾರಲ್ಲಿ ಬ್ರೇಕ್ ಹಿಡಿಯಲಿಲ್ಲ ಅಂದ್ರೆ ಆಗ ಯಾರನ್ನ ಕೇಳ್ತೀಯ? ಹೊರಡಮ್ಮ. ಹೊತ್ತಾಯ್ತು."

ಜೋಸಿ ಕಿಟಕಿ ಇಳಿಸಿ ಮಾಸ್ಕಿನೊಳಗಿಂದಲೇ ಕೂಗಿದಳು. "ಅಜ್ಜಾ, ಯಾಕೆ ಇಳಿದೆ?"

"ನಾನು ಭಾರ ಕಣೇ."

"ನಾನು ಇಳಿದ್ರೆ ಎಷ್ಟು ಕಮ್ಮಿ ಆಗುತ್ತೆ?"

ಮರ್ಲ್ ಕಿಟಕಿಯ ಗಾಜು ಎಳೆದುಕೊಂಡ. ರೂಬೆನ್ ಕಾರಿನ ಹತ್ತಿರ ಬಂದು ಕೈ ಚಾಚಿ ಅವಳ ಉಲ್ಲನ್ ಟೋಪಿ ಹುಡುಕಿ, ಕೂದಲಿಲ್ಲದ ತಲೆಯ ಮೇಲೆ ಅದನ್ನು ಕೆಳಗೆ ಎಳೆದು ಸರಿಮಾಡಿದ. ಮತ್ತೆ ಹಿಂದಕ್ಕೆ ಸರಿದು ಆಲೂಗಡ್ಡೆ ಚೀಲದ ಪಕ್ಕ ನಿಂತುಕೊಂಡ.

ಕೊರೀನ್ ಕಣ್ಣೊರೆಸಿಕೊಂಡು ಗೇರ್ ಹಾಕಿದಳು. ಟ್ರೇಲರ್ ಒಮ್ಮೆ ಕುಲುಕಿ ಹಿಂಬಾಲಿಸಿತು. ಹೆದ್ದಾರಿ ಹತ್ತಿದ ಮೇಲೆ ಹಿಂದಿನಿಂದ ಜೋಸಿ ಕೇಳಿದಳು.

"ಅಮ್ಮಾ, ಅಜ್ಜನ ಜಾಗದಲ್ಲಿ ಕಾಲು ಚಾಚ್ಲಾ?"

"ಚಾಚು," ಎಂದಳು ಕೊರೀನ್.